ನಡುವೆ ಇಳಿದವರು

ಯುರೋಪಿಗೆ ಹೋಗುವ ನಮ್ಮ ಹುಡುಗರಿಗೆ ಈಗ ರೈಲ್ ಪಾಸಿನ ಹುಚ್ಚು. ಒಂದು ಪಾಸು, ಮೂವತ್ತಕ್ಕೂ ಹೆಚ್ಚು ದೇಶ. ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಿರಿ. ಅದರ ಜೊತೆಗೆ ರಾತ್ರಿ ರೈಲಿನ ಲೆಕ್ಕ ಬೇರೆ. ವಿಯೆನ್ನಾದಲ್ಲಿ ರಾತ್ರಿ ಊಟ ಮಾಡಿ ಹತ್ತಿದರೆ ಬೆಳಿಗ್ಗೆ ವೆನಿಸ್ಸಿನಲ್ಲಿ ಕಾಫಿ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು, ಒಂದು ಹಗಲೂ ಉಳಿಯಿತು. ನಮ್ಮ ಸೊಸೈಟಿಯ ಹುಡುಗರು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿಕೊಂಡು, ಬಣ್ಣ ಬಳಿದು, ಯಾವ ರಾತ್ರಿ ಯಾವ ಬರ್ತ್ ಅಂತ ಆರು ತಿಂಗಳು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ನೋಡಲಿಕ್ಕೆ ಖುಷಿಯಾಗುತ್ತದೆ, ನಿಜ.

ಈ ಪಾಸುಗಳು ಹೊಸವೇನಲ್ಲ. ಯುರೋಪಿನ ಹೊರಗಿನವರಿಗಾಗಿ ಯುರೇಲ್ ಪಾಸು ಶುರುವಾದದ್ದು 1959ರಲ್ಲಿ. ಅಲ್ಲಿಯವರಿಗೇ ಅಂತ ಇಂಟರ್‌ರೇಲ್ ಬಂದದ್ದು 1972ರಲ್ಲಿ. ಆಗ ಅದು 21 ವರ್ಷದೊಳಗಿನ ಹುಡುಗರಿಗೆ ಮಾತ್ರ. 27 ಪೌಂಡ್ 50 ಪೆನ್ಸ್ ಕೊಟ್ಟರೆ ಒಂದು ತಿಂಗಳು 21 ದೇಶಗಳ ರೈಲು ಹತ್ತಬಹುದಾಗಿತ್ತು. ಬೆನ್ನಿಗೊಂದು ಚೀಲ ಹಾಕಿಕೊಂಡು ಒಂದು ಇಡೀ ತಲೆಮಾರು ಹೊರಟುಬಿಟ್ಟಿತು. ನೆರೆಯ ದೇಶದವರ ಜೊತೆ ಯುದ್ಧ ಮಾಡಿದ ಅಪ್ಪಂದಿರ ಮಕ್ಕಳು ಅದೇ ನೆರೆಯ ದೇಶದ ಪ್ಲಾಟ್‌ಫಾರ್ಮಿನ ಮೇಲೆ ಚೀಲಕ್ಕೆ ತಲೆಯಿಟ್ಟು ಮಲಗಿದರು.

ಆದರೆ ನನಗೆ ಅನಿಸುವುದು ಇಷ್ಟು. ಈ ಪಾಸಿನ ಜೀವ ಇರುವುದು ಅಗ್ಗದ ದರದಲ್ಲಿ ಅಲ್ಲ. ಬರ್ತಿಗೆ ಹೇಗೂ ಬೇರೆ ದುಡ್ಡು ಕೊಡಬೇಕು. ಅದರ ಜೀವ ಇರುವುದು ನಡುವೆ ಇಳಿಯುವ ಹಕ್ಕಿನಲ್ಲಿ. ಟಿಕೆಟ್ ಅಂದರೆ ಇಲ್ಲಿಂದ ಅಲ್ಲಿಗೆ. ಪಾಸ್ ಅಂದರೆ ನಡುವಿನ ಊರೂ ನಮ್ಮದೇ. ಮತ್ತೆ ಈ ನಡುವೆ ಇಳಿಯುವುದರಲ್ಲಿ ನಮ್ಮವರು ಯುರೋಪಿನವರಿಗಿಂತ ಹಿಂದೇನೂ ಇರಲಿಲ್ಲ. ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ ಹಾದು ಬೆಂಗಳೂರು, ಮೈಸೂರಿಗೆ ಹೋಗುವ ನಮ್ಮ ಹಳೇ ಸಣ್ಣ ಗಾಡಿಯ ಲೈನಿನ ಕಥೆ ನೋಡಿ. ಅದರ ಇತಿಹಾಸ ಅಂದರೆ ನಡುವೆ ಇಳಿದವರ ಇತಿಹಾಸವೇ.

ಮೊದಲಿನಿಂದ ಹೇಳುತ್ತೇನೆ. ಪುಣೆಗೆ ರೈಲು ಬಂದದ್ದು 1858ರಲ್ಲಿ. ಆದರೆ ಅದು ಖಂಡಾಲದಿಂದ ಪುಣೆಗೆ ಮಾತ್ರ. ಮುಂಬೈ ಕಡೆಯ ರೈಲು ಘಟ್ಟದ ಬುಡಕ್ಕೆ ಬಂದು ನಿಲ್ಲುತ್ತಿತ್ತು. ನಡುವಿನ ಬೋರ್ ಘಾಟ್ ಹತ್ತಲಿಕ್ಕೆ ಪಲ್ಲಕ್ಕಿ, ಗಾಡಿ, ಇಲ್ಲವೇ ಸ್ವಂತ ಕಾಲು. ಘಟ್ಟದ ಲೈನು ಮುಗಿದದ್ದು 1863ರಲ್ಲಿ. ಅದನ್ನು ಕಟ್ಟುವಾಗ ಕಾಲರಾ, ಬಂಡೆ ಕುಸಿತ ಅಂತ ಸತ್ತ ಕೂಲಿಗಳಿಗೆ ಲೆಕ್ಕವಿಲ್ಲ. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಎಂಬಾತ 1859ರಲ್ಲಿ ಭಾರತಕ್ಕೆ ಬಂದ ಸ್ವಲ್ಪ ದಿನದಲ್ಲೇ ತೀರಿಕೊಂಡಾಗ ಅವನ ಹೆಂಡತಿ ಆಲಿಸ್ ಆ ಗುತ್ತಿಗೆಯನ್ನು ಮುಂದುವರಿಸಿದಳು. ಇವತ್ತು ಲೋನಾವಳದ ಚಿಕ್ಕಿ ತಿನ್ನುತ್ತಾ ಕಿಟಕಿಯಿಂದ ನೋಡುವ ಆ ಸುರಂಗಗಳ ಹಿಂದೆ ಇಷ್ಟೆಲ್ಲ ಇದೆ.

ಪುಣೆಯಿಂದ ನಮ್ಮ ಕಡೆಗೆ ಲೈನು ಬರಲಿಕ್ಕೆ ಮಾತ್ರ ಒಂದು ದೊಡ್ಡ ಬರಗಾಲ ಬೇಕಾಯಿತು. 1876ರಿಂದ 1878ರವರೆಗಿನ ಆ ಬರದ ಹೆಸರು ನಮ್ಮ ಅಜ್ಜಂದಿರ ಬಾಯಲ್ಲೂ ಇತ್ತು. ಧಾರವಾಡ, ಬೆಳಗಾವಿ, ಆಗಿನ ಕಲಾದಗಿ ಜಿಲ್ಲೆ (ಈಗಿನ ವಿಜಯಪುರ, ಬಾಗಲಕೋಟೆ) ಒಣಗಿ ಹೋದವು. ಬೇರೆ ಕಡೆ ಕಾಳು ಇತ್ತು, ಆದರೆ ತರುವ ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರೋಣ ಅಂದರೆ ಎತ್ತಿಗೇ ಮೇವಿಲ್ಲ. ಬರ ಮುಗಿದ ಮೇಲೆ ಕ್ಷಾಮ ಆಯೋಗದವರು ಬರಪೀಡಿತ ಸೀಮೆಗಳಿಗೆ ರೈಲು ಬೇಕು ಎಂದರು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು. ಖರ್ಚು ಕಡಿಮೆಯಾಗಲಿ ಅಂತ ಮೀಟರ್ ಗೇಜ್. ಹಳಿಗಳ ನಡುವಿನ ಅಂತರ ಬರೇ ಒಂದು ಮೀಟರು. ಮುಂಬೈ-ಪುಣೆ ಲೈನಿನ ಹಳಿಗಳ ನಡುವೆ 1676 ಮಿಲಿಮೀಟರು. ಹೆಸರಿನಲ್ಲಿ ಮರಾಠಾ ಅಂತ ಇದ್ದರೂ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ನಮ್ಮ ಧಾರವಾಡದಲ್ಲಿ, ವರ್ಕ್‌ಶಾಪು ಹುಬ್ಬಳ್ಳಿಯಲ್ಲಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1951ರಲ್ಲಿ ಸದರ್ನ್ ರೈಲ್ವೆಗೆ ಹೋಯಿತು.

ಅಂದರೆ ಇದು ಕಾಳಿಗಾಗಿ ಹಾಕಿದ ಲೈನು. ಆದರೆ ಲೈನು ಒಮ್ಮೆ ಹಾಕಿದ ಮೇಲೆ ಅದರ ಮೇಲೆ ಏನೇನು ಹೋಗುತ್ತದೆ ಎಂಬುದು ಕಂಪನಿಯ ಕೈಯಲ್ಲಿ ಇರುವುದಿಲ್ಲ.

ಮೊದಲು ಹೋದವರು ವಿದ್ಯಾರ್ಥಿಗಳು. ಪುಣೆಯಲ್ಲಿ ಫರ್ಗ್ಯುಸನ್ ಕಾಲೇಜು ಶುರುವಾದದ್ದು 1885ರಲ್ಲಿ. ಡೆಕ್ಕನ್ ಕಾಲೇಜು ಅದಕ್ಕಿಂತ ಹಳೆಯದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಈ ನಡುವಿನ ಮೂವತ್ತು ವರ್ಷ ಮುಂಬೈ ಕರ್ನಾಟಕದ ಹುಡುಗ ಬಿ.ಎ. ಮಾಡಬೇಕೆಂದರೆ ಹೆಚ್ಚಾಗಿ ಪುಣೆಗೋ ಮುಂಬೈಗೋ ರೈಲು ಹತ್ತಲೇಬೇಕಾಗಿತ್ತು. ಆಲೂರು ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿ 1903ರಲ್ಲಿ ಪದವಿ ಪಡೆದರು. ಬೇಂದ್ರೆಯವರು ಇಲ್ಲೇ ಓದಿ 1918ರಲ್ಲಿ ಬಿ.ಎ. ಆದರು. ಮುಂದೆ ವಿ.ಕೃ. ಗೋಕಾಕರು ಅದೇ ಕಾಲೇಜಿನಲ್ಲಿ ಪಾಠ ಮಾಡಿದರು. ಶ್ರೀರಂಗರು ಡೆಕ್ಕನ್ ಕಾಲೇಜಿನವರು. ಒಂದು ವಿಚಿತ್ರ ನೋಡಿ. ಕರ್ನಾಟಕ ಏಕೀಕರಣದ ಕನಸು ಕಂಡವರಲ್ಲಿ ಎಷ್ಟೋ ಜನ ಆ ಕನಸಿಗೆ ಬೇಕಾದ ಬಿಸಿ ಪಡೆದದ್ದು ತಿಲಕರ ಪುಣೆಯಲ್ಲಿ. ಮರಾಠಿಯವರು ತಮ್ಮ ಭಾಷೆ, ತಮ್ಮ ಇತಿಹಾಸ, ತಮ್ಮ ಪತ್ರಿಕೆ ಅಂತ ಎಷ್ಟು ಕಟ್ಟಿಕೊಂಡಿದ್ದಾರೆ ಎಂಬುದನ್ನು ಕಣ್ಣಾರೆ ನೋಡಿದವರಿಗೆ ನಮ್ಮದೆಲ್ಲಿ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಆ ಪ್ರಶ್ನೆ ಇಟ್ಟುಕೊಂಡು ರೈಲು ಹತ್ತಿ ವಾಪಸ್ಸು ಹೋದರು.

ಇನ್ನು ಹಾಡುವವರು. ನನಗೆ ಬಹಳ ಇಷ್ಟವಾದ ಅಧ್ಯಾಯ ಇದು. ಉತ್ತರ ಹಿಂದುಸ್ತಾನದ ಸಂಗೀತ ಧಾರವಾಡದಂಥ ಊರಿಗೆ ಬಂದು ಬೇರುಬಿಟ್ಟದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನೀರು, ಹವಾ, ಪೇಡೆ ಅಂತ ತಮಾಷೆಯ ಉತ್ತರಗಳೂ ಇವೆ. ರೈಲಿನ ಉತ್ತರ ಬಹಳ ಸರಳ. ಮೈಸೂರಿನ ಮಹಾರಾಜರು ಹಿಂದುಸ್ತಾನಿ ಗಾಯಕರನ್ನೂ ಕರೆಸುತ್ತಿದ್ದರು. ಮುಂಬೈ, ಪುಣೆ, ಮಿರಜ ಕಡೆಯಿಂದ ಮೈಸೂರಿಗೆ ಹೋಗುವ ದಾರಿ ಈ ಸಣ್ಣ ಗಾಡಿಯ ಲೈನು. ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 560 ಕಿಲೋಮೀಟರು, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇನ್ನೂ ಸುಮಾರು 470. ಒಂದೇ ಸಲಕ್ಕೆ ಕೂತು ಹೋಗುವುದು ಎಂದರೆ ಮೈಯೆಲ್ಲ ನುಗ್ಗಾಗುತ್ತದೆ. ತಂಬೂರಿ, ತಬಲಾ, ಶಿಷ್ಯರು ಎಲ್ಲ ಜೊತೆಗೆ. ಹಾಗಾಗಿ ಅರ್ಧ ದಾರಿಯಲ್ಲಿ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ಸುಧಾರಿಸಿಕೊಳ್ಳುವುದು. ಇಳಿದ ಮೇಲೆ ಯಾರದೋ ಮನೆ. ಮನೆ ಅಂದ ಮೇಲೆ ಒಂದು ಬೈಠಕ್. ಬೈಠಕ್ಕಿನಲ್ಲಿ ಮೂಲೆಯಲ್ಲಿ ಕೂತು ಕೇಳುವ ಒಂದು ಮಗು.

ಅಬ್ದುಲ್ ಕರೀಂ ಖಾನರು ಹೀಗೆ ಬಂದವರು. ಹುಟ್ಟಿದ್ದು ದಿಲ್ಲಿಯ ಆಚೆಯ ಕೈರಾನಾದಲ್ಲಿ, ನೆಲೆ ನಿಂತದ್ದು ಮಿರಜದಲ್ಲಿ. ಧಾರವಾಡದಲ್ಲಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲಿಕ್ಕೆ ಅವರ ಮನೆಗೆ ಹೋಗುತ್ತಿದ್ದರು. ಆ ಮನೆಯ ಮಗಳೇ ಮುಂದೆ ಗಂಗೂಬಾಯಿ ಹಾನಗಲ್ ಆದರು. ಖಾನ್ ಸಾಹೇಬರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಕುಂದಗೋಳವೂ ಇದೇ ಲೈನಿನ ಮೇಲೆ ಹುಬ್ಬಳ್ಳಿಯ ಆಚೆ ಇದೆ. ಮಲ್ಲಿಕಾರ್ಜುನ ಮನ್ಸೂರರಿಗೆ ಪಾಠ ಹೇಳಿದ ನೀಲಕಂಠ ಬುವಾ ಮಿರಜದವರು. ನಕಾಶೆ ಇಟ್ಟುಕೊಂಡು ನೋಡಿ, ಕಿರಾಣಾ ಘರಾಣೆಯ ಕನ್ನಡದ ಕೊಂಬೆ ಅಂದರೆ ಈ ಲೈನಿನ ಸ್ಟೇಷನ್ನುಗಳ ಪಟ್ಟಿ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದದ್ದು ರೈಲಿನಲ್ಲಿ. ಪಾಠ ಮುಗಿದ ಮೇಲೆ ರೈಲಿಗಾಗಿ ಸ್ಟೇಷನ್ನಿಗೆ ಬರುವಾಗ ಗುರುಗಳ ಮನೆಯಲ್ಲಿದ್ದ ಇನ್ನೊಬ್ಬ ಶಿಷ್ಯ, ಆಗ ಇನ್ನೂ ಹುಡುಗ, ಕಂದೀಲು ಹಿಡಿದವನಂತೆ ಜೊತೆಗೆ ಬಂದು, ಇವತ್ತು ಗುರುಗಳು ಏನು ಹೇಳಿಕೊಟ್ಟರು ಅಂತ ಕೇಳಿ ತಿಳಿದುಕೊಳ್ಳುತ್ತಿದ್ದ ಎನ್ನುತ್ತಾರೆ. ಆ ಹುಡುಗ ಭೀಮಸೇನ ಜೋಶಿ.

ಈಗ ಬಂದೆವು ನೋಡಿ, ನನ್ನ ಪ್ರಕಾರ ನಮ್ಮ ಸೀಮೆಯ ಮೊದಲ ರೈಲ್ ಪಾಸಿನವರ ಹತ್ತಿರ! 1922ರಲ್ಲಿ ಹುಟ್ಟಿದ ಭೀಮಸೇನರು ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಮನೆ ಬಿಟ್ಟರು. ಅಂಗಡಿಯ ಗ್ರಾಮಫೋನಿನಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗೆ ಹಾಡಲಿಕ್ಕೆ ಕಲಿಸುವ ಗುರು ಬೇಕು, ಅಷ್ಟೇ. ಕೈಯಲ್ಲಿ ದುಡ್ಡಿಲ್ಲ, ಟಿಕೆಟ್ಟಿಲ್ಲ. ಸಹಪ್ರಯಾಣಿಕರು ಕೊಟ್ಟ ದುಡ್ಡಿನಲ್ಲಿ, ಕೆಲವು ಸಲ ಟಿಕೆಟ್ ಕೇಳುವವರಿಗೆ ಹಾಡಿ ತೋರಿಸಿ, ಪುಣೆಗೆ ಬಂದರು. ಅಲ್ಲಿಂದ ಗ್ವಾಲಿಯರ್. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆ. ಆಮೇಲೆ ದಿಲ್ಲಿ, ಕೋಲ್ಕತ್ತ, ಲಖನೌ, ರಾಮಪುರ. ಕೊನೆಗೆ ಜಲಂಧರ್. ಮೂರು ವರ್ಷದ ತಿರುಗಾಟ. ಯುರೋಪಿನ ಯಾವ ಹುಡುಗನ ಕೋಷ್ಟಕದಲ್ಲೂ ಇಷ್ಟು ಉದ್ದದ ದಾರಿ ನಾನು ನೋಡಿಲ್ಲ.

ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು ಸಿಕ್ಕಿ, ಇಷ್ಟು ದೂರ ಯಾಕೆ ಅಲೆಯುತ್ತೀ, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ ಅಂತ ಹೇಳಿದರಂತೆ. ತಂದೆ ಗುರುರಾಜ ಜೋಶಿಯವರು ಮಗನನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿ ಕರೆತಂದರು. 1936ರಲ್ಲಿ ಕುಂದಗೋಳದಲ್ಲಿ ಶಿಷ್ಯವೃತ್ತಿ ಶುರುವಾಯಿತು. ಇಡೀ ದೇಶ ಸುತ್ತಿ ಬಂದು ಸೇರಿದ್ದು ಮನೆಯ ಹತ್ತಿರದ ಸ್ಟೇಷನ್ನಿಗೆ. ಹಾಗಂತ ಆ ಮೂರು ವರ್ಷ ದಂಡ ಅಂತ ಹೇಳುವಂತಿಲ್ಲ. ನಡುವೆ ಇಳಿದ ಊರುಗಳಲ್ಲಿ ಕಿವಿಗೆ ಬಿದ್ದದ್ದೆಲ್ಲ ಮುಂದೆ ಆ ಗಂಟಲಿನಲ್ಲಿ ಬಂತು. ಕಿರಾಣಾದವರಾಗಿದ್ದೂ ಅವರ ಹಾಡಿನಲ್ಲಿ ಬೇರೆ ಬೇರೆ ಘರಾಣೆಯ ಗಾಳಿ ಆಡುತ್ತಿತ್ತಲ್ಲ, ಅದು ಮನೆಯಲ್ಲಿ ಕೂತು ಬಂದದ್ದಲ್ಲ.

ಮುಂದೆ ಅವರು ಪುಣೆಯವರೇ ಆದರು. ಗುರುಗಳು 1952ರಲ್ಲಿ ಇಲ್ಲೇ ತೀರಿಕೊಂಡ ಮೇಲೆ, 1953ರಿಂದ ಸವಾಯಿ ಗಂಧರ್ವ ಸಂಗೀತೋತ್ಸವ ನಡೆಯುತ್ತಾ ಬಂತು. ಮೊದಲೆಲ್ಲ ಅದು ರಾತ್ರಿಯಿಡೀ ನಡೆಯುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದುಕೊಂಡು ಕೂತವರಲ್ಲಿ ಹುಬ್ಬಳ್ಳಿ-ಧಾರವಾಡದಿಂದ ರಾತ್ರಿ ರೈಲಿಗೆ ಬಂದವರು ನನ್ನ ಪಕ್ಕದಲ್ಲೇ ಎಷ್ಟೋ ಸಲ ಸಿಕ್ಕಿದ್ದಾರೆ. ಒಂದು ರಾತ್ರಿ ರೈಲಿನಲ್ಲಿ, ಮೂರು ರಾತ್ರಿ ಮಂಟಪದಲ್ಲಿ, ಮತ್ತೆ ಒಂದು ರಾತ್ರಿ ರೈಲಿನಲ್ಲಿ. ಲಾಡ್ಜಿನ ಮಾತೇ ಇಲ್ಲ! ಇದಕ್ಕಿಂತ ಒಳ್ಳೆಯ ಪ್ಲಾನಿಂಗ್ ಯಾವ ಕಂಪ್ಯೂಟರೂ ಮಾಡಲಾರದು.

ಅಬ್ದುಲ್ ಕರೀಂ ಖಾನರ ಕೊನೆಯೂ ರೈಲಿನ ಹಾದಿಯಲ್ಲೇ ಆಯಿತು. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪುದುಚೇರಿಯ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿಕೊಂಡು, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತಾ ಪ್ರಾಣ ಬಿಟ್ಟರು. ಅವರನ್ನು ತಂದು ಮಣ್ಣು ಮಾಡಿದ್ದು ಮಿರಜದ ದರ್ಗಾದಲ್ಲಿ. ಅಲ್ಲಿ ಈಗಲೂ ಅವರ ನೆನಪಿನಲ್ಲಿ ಪ್ರತಿ ವರ್ಷ ಹಾಡು ನಡೆಯುತ್ತದೆ.

ಮಿರಜ ಅಂದೆನಲ್ಲ, ನಮ್ಮ ಕಾಲದ ರಾತ್ರಿ ಪ್ರಯಾಣದ ನಡುಮನೆ ಅದು. 1971ರವರೆಗೆ ಸಣ್ಣ ಗಾಡಿ ಪುಣೆಯಿಂದಲೇ ಹೊರಡುತ್ತಿತ್ತು. ಮುಂಬೈಯವರು ಪುಣೆಯಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಆ ವರ್ಷ ಪುಣೆಯಿಂದ ಮಿರಜ, ಕೊಲ್ಹಾಪುರದವರೆಗೆ ದೊಡ್ಡ ಹಳಿ ಬಂತು, ಮುಂಬೈ-ಕೊಲ್ಹಾಪುರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬಂತು. ಗಾಡಿ ಬದಲಿಸುವ ಜಾಗ ಮಿರಜಕ್ಕೆ ಸರಿಯಿತು. ಮಿರಜದ ಆಚೆ ಬೆಂಗಳೂರಿನವರೆಗೆ ಸಣ್ಣ ಹಳಿಯೇ ಉಳಿಯಿತು. ಸ್ಪೇನಿಗೂ ಫ್ರಾನ್ಸಿಗೂ ಹಳಿಯ ಅಳತೆ ಬೇರೆಯಾದ್ದರಿಂದ ಗಡಿಯಲ್ಲಿ ಇಳಿದು ಹತ್ತುತ್ತಿದ್ದರಲ್ಲ, ಹಾಗೆ.

ನಾನು 1983ರಲ್ಲಿ ಕೆಲಸಕ್ಕೆಂದು ಪುಣೆಗೆ ಬಂದವನು. ಆಗ ಊರಿಗೆ ಹೋಗುವುದು ಅಂದರೆ ಹೀಗೆ. ರಾತ್ರಿ ಪುಣೆಯಲ್ಲಿ ಹತ್ತಿ, ನಸುಕಿನಲ್ಲಿ ಮಿರಜದಲ್ಲಿ ಇಳಿ. ಹೋಲ್ಡಾಲ್ ಹೆಗಲಿಗೇರಿಸಿ ಸಣ್ಣ ಗಾಡಿಯ ಕಡೆಗೆ ಓಡು. ಓಡುತ್ತಾ ಓಡುತ್ತಾ ಭಾಷೆಯೂ ಬದಲಾಗುತ್ತಿತ್ತು. ದೊಡ್ಡ ಗಾಡಿಯಲ್ಲಿ 'ಜರಾ ಸರ್ಕಾ' ಅಂದವನು ಸಣ್ಣ ಗಾಡಿಯಲ್ಲಿ 'ಸ್ವಲ್ಪ ಸರೀರಿ' ಅನ್ನುತ್ತಿದ್ದ. ಚಹಾದವನಿಗೆ ಎರಡೂ ಬರುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಕಡೆಯ ಹಳ್ಳಿಯವರು ಗಂಟುಮೂಟೆಯ ಜೊತೆ ಕೂತಿರುತ್ತಿದ್ದರು. 1890ರ ದಶಕದಲ್ಲಿ ವಾನ್‌ಲೆಸ್ ಎಂಬ ಮಿಷನ್ ಡಾಕ್ಟರು ಕಟ್ಟಿದ ಮಿರಜದ ದವಾಖಾನೆಗೆ ಬಂದವರು ಅವರು. ಒಬ್ಬರು ತಂಬೂರಿ ರಿಪೇರಿಗೆ ಬಂದಿರುತ್ತಿದ್ದರು. ಮಿರಜದ ಸಿತಾರ್, ತಂಬೂರಿ ಅಂದರೆ ಇವತ್ತಿಗೂ ಹೆಸರು. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಗಾಡಿ ಬದಲಿಸುವ ಕಾಟ ಎಲ್ಲರಿಗೂ ಬೇಸರವೇ. ಆದರೆ ಆ ಒಂದೆರಡು ಗಂಟೆ ಮಿರಜವನ್ನು ಒಂದು ಊರಾಗಿ ನಮಗೆ ಪರಿಚಯ ಮಾಡಿಸಿತ್ತು.

1990ರ ದಶಕದಲ್ಲಿ ಸಣ್ಣ ಹಳಿ ಹೋಗಿ ಎಲ್ಲ ದೊಡ್ಡ ಹಳಿ ಆಯಿತು. ಈಗ ಪುಣೆಯಲ್ಲಿ ಹತ್ತಿದರೆ ಹುಬ್ಬಳ್ಳಿಯವರೆಗೆ, ಬೆಂಗಳೂರಿನವರೆಗೆ ಇಳಿಯುವ ಮಾತೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಪುಣೆ-ಹುಬ್ಬಳ್ಳಿ ವಂದೇ ಭಾರತ್ ಶುರುವಾಯಿತು, ಸುಮಾರು ಎಂಟೂವರೆ ತಾಸಿನ ದಾರಿ. ಒಳ್ಳೆಯದೇ. ವಯಸ್ಸಾದ ಮೇಲೆ ಹೋಲ್ಡಾಲ್ ಹೊತ್ತು ಓಡುವ ಆಸೆ ನನಗೂ ಇಲ್ಲ. ಆದರೆ ಬೇಗ ಮುಟ್ಟುವ ಭರದಲ್ಲಿ ನಾವು ಕಳೆದುಕೊಂಡದ್ದು ನಡುವೆ ಇಳಿಯುವ ಅಭ್ಯಾಸವನ್ನು. ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಬೆಂಗಳೂರಿಗೆ ವಿಮಾನದಲ್ಲಿ ಹೋಗುತ್ತಾರೆ, ಇಲ್ಲವೇ ಹೈವೇ ಮೇಲೆ ಸ್ಲೀಪರ್ ಬಸ್ಸಿನಲ್ಲಿ. ಬಸ್ಸು ಬೈಪಾಸಿನಲ್ಲಿ ಹೋಗುತ್ತದೆ. ಬೆಳಗಾವಿ ಅಂದರೆ ಅವರಿಗೆ ಒಂದು ಹಸಿರು ಬೋರ್ಡು, ಧಾರವಾಡ ಅಂದರೆ ಒಂದು ಡಾಬಾ. ಅಜ್ಜನ ಊರಿನ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಾ ದಾಟಿ ಹೋಗುವ ಇವರೇ ಸಾಲ್ಜ್‌ಬರ್ಗಿನಲ್ಲಿ ಎಚ್ಚರವಾಗಿ ಇಳಿದು ಮೊಜಾರ್ಟನ ಮನೆ ನೋಡುತ್ತಾರೆ. ಅದನ್ನು ನೋಡಲಿ, ಬೇಡ ಅನ್ನುವುದಿಲ್ಲ. ಇದನ್ನೂ ನೋಡಲಿ ಅನ್ನುತ್ತೇನೆ.

ಮತ್ತೆ ಇದಕ್ಕೆ ದಾರಿ ಇದೆ. ನಮ್ಮ ರೈಲ್ವೆಯಲ್ಲಿ ಬ್ರೇಕ್ ಜರ್ನಿ ಎಂಬ ಹಳೇ ನಿಯಮ ಇದೆ. 500 ಕಿಲೋಮೀಟರಿಗಿಂತ ಉದ್ದದ ಟಿಕೆಟ್ ಇದ್ದರೆ ನಡುವೆ ಒಂದು ಸಲ, ಸಾವಿರಕ್ಕಿಂತ ಉದ್ದದ್ದಾದರೆ ಎರಡು ಸಲ ಇಳಿಯಬಹುದು. ಇಳಿದ ದಿನ, ಹತ್ತುವ ದಿನ ಬಿಟ್ಟು ಎರಡು ದಿನ ಇರಬಹುದು. ಆದರೆ ಮೊದಲ ಸಲ ಇಳಿಯುವುದು ಹೊರಟಲ್ಲಿಂದ 500 ಕಿಲೋಮೀಟರು ದಾಟಿದ ಮೇಲೆ. ಪುಣೆಯಿಂದ ಬೆಂಗಳೂರಿಗೆ ಹುಬ್ಬಳ್ಳಿ ಮೇಲೆ ಟಿಕೆಟ್ ತೆಗೆದರೆ ಬೆಳಗಾವಿ ಸುಮಾರು 420ಕ್ಕೆ ಬರುತ್ತದೆ, ಅಲ್ಲಿ ಆಗುವುದಿಲ್ಲ. ಧಾರವಾಡ ಸುಮಾರು 540ಕ್ಕೆ. ಅಲ್ಲಿ ಆಗುತ್ತದೆ! ನೂರು ವರ್ಷದ ಹಿಂದೆ ಉಸ್ತಾದರು ಇಳಿದ ಜಾಗದಲ್ಲೇ ಇವತ್ತಿನ ನಿಯಮವೂ ನಮ್ಮನ್ನು ಇಳಿಸುತ್ತದೆ. ಇಳಿದ ಕೂಡಲೇ ಸ್ಟೇಷನ್ನಿನಲ್ಲಿ ಟಿಕೆಟ್ ಮೇಲೆ ಬರೆಸಿಕೊಳ್ಳಬೇಕು, ಮುಂದಿನ ಗಾಡಿಯ ಬರ್ತನ್ನು ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಬೇಕು. ರಾಜಧಾನಿ, ಶತಾಬ್ದಿಯಂಥ ಗಾಡಿಗಳಿಗೆ ಇದು ನಡೆಯುವುದಿಲ್ಲ. ಇದಲ್ಲದೆ ಸುತ್ತು ಪ್ರಯಾಣದ ಟಿಕೆಟ್ ಅಂತ ಇನ್ನೊಂದಿದೆ. ಹೊರಟಲ್ಲಿಗೇ ಬಂದು ಸೇರುವ ದಾರಿಯಾದರೆ ಎಂಟು ಕಡೆ ಇಳಿಯಬಹುದು. ದೂರ ಹೆಚ್ಚಾದಷ್ಟೂ ಕಿಲೋಮೀಟರಿಗೆ ದರ ಇಳಿಯುವುದರಿಂದ ಬಿಡಿ ಬಿಡಿ ಟಿಕೆಟ್ಟಿಗಿಂತ ಅಗ್ಗ. ಇದಕ್ಕೆ ರೈಲ್ವೆಯವರ ಹತ್ತಿರ ಹೋಗಿ ದಾರಿ ಬರೆದುಕೊಟ್ಟು ಮಾಡಿಸಿಕೊಳ್ಳಬೇಕು. ನಮ್ಮ ಇಂಟರ್‌ರೇಲ್ ಇದೇ ಅಂತ ತಿಳಿಯಿರಿ.

ಮಕ್ಕಳಿಗೆ ನಾನು ಹೇಳುವ ಒಂದು ಸುತ್ತು ಇದೆ. ಒಂದು ರಾತ್ರಿ ಪುಣೆಯಿಂದ ಧಾರವಾಡ. ಹಗಲೆಲ್ಲ ಧಾರವಾಡ, ಸಾಧನಕೇರಿ, 1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘ. ಮರುದಿನ ಹುಬ್ಬಳ್ಳಿಯಿಂದ ಹಗಲು ರೈಲಿನಲ್ಲಿ ಗದಗ ದಾಟಿ ಹೊಸಪೇಟೆ, ಹಂಪಿ. ಅಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಇಳಿಯದೆ ಕೂತರೆ ಮೈಸೂರು. ಮೈಸೂರಿನಿಂದ ಮಧ್ಯಾಹ್ನದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ವಿಜಯಪುರ, ಮುಂದೆ ಸೊಲ್ಲಾಪುರ. ಬೇಂದ್ರೆಯವರು ಹನ್ನೆರಡು ವರ್ಷ ಪಾಠ ಮಾಡಿದ ಊರು ಅದು. ಅಲ್ಲಿಂದ ಪುಣೆ. ಮೂರು ರಾತ್ರಿ ರೈಲಿನಲ್ಲಿ, ಸುಮಾರು ಎರಡೂವರೆ ಸಾವಿರ ಕಿಲೋಮೀಟರು. ಹೊರಡುವ ಮುನ್ನ ಆ ಹೊತ್ತಿನ ವೇಳಾಪಟ್ಟಿ ನೋಡಿಕೊಳ್ಳಿ, ರೈಲಿನ ಸಮಯ ಬದಲಾಗುತ್ತಲೇ ಇರುತ್ತದೆ.

ಪ್ಲಾನ್ ಮಾಡುವಾಗ ಒಂದೇ ಮಾತು ನೆನಪಿಡಿ. ಪ್ರತಿ ರಾತ್ರಿಯನ್ನೂ ರೈಲಿಗೆ ಕೊಡಬೇಡಿ. ಎರಡು ರಾತ್ರಿ ರೈಲಿನ ನಡುವೆ ಒಂದು ರಾತ್ರಿಯಾದರೂ ನೆಲದ ಮೇಲೆ ಮಲಗಿ, ಸಾಧ್ಯವಾದರೆ ಯಾರದಾದರೂ ಮನೆಯಲ್ಲಿ. ಕಾಳಿಗಾಗಿ ಹಾಕಿದ ಆ ಲೈನು ನಮಗೆ ಗಂಗೂಬಾಯಿಯವರನ್ನೂ ಭೀಮಸೇನರನ್ನೂ ಕೊಟ್ಟದ್ದು ಓಡುವ ಗಾಡಿಯಿಂದ ಅಲ್ಲ. ಇಳಿದವರಿಗೆ ಯಾರೋ ಬಾಗಿಲು ತೆರೆದು, ಕೈಕಾಲಿಗೆ ನೀರು ಕೊಟ್ಟು, ಬರ್ರಿ ಒಳಗ ಅಂದದ್ದರಿಂದ.